ಹೆರಿಗೆಗೆ ಮುನ್ನ ಕೊಟ್ಟ ಸ್ಟೀರಾಯ್ಡ್‌ನಿಂದ ಮಗುವಿನ ಮುಂದಿನ ಆರೋಗ್ಯಕ್ಕೆ ತೊಂದರೆಯಾಗುತ್ತದೆಯೇ?

ದಿನ ತುಂಬುವ ಮೊದಲೇ, ಅದರಲ್ಲೂ ಗರ್ಭದ 34 ವಾರಕ್ಕೂ ಮುಂಚೆ, ಹೆರಿಗೆಯಾಗುವ ಸಂಭವ ನಿಜಕ್ಕೂ ಇದ್ದು ಈ ಚುಚ್ಚುಮದ್ದನ್ನು ಒಂದೇ ಸರದಿಯಲ್ಲಿ ಕೊಟ್ಟಿದ್ದರೆ, ಆತಂಕಪಡಲು ಕಾರಣ ಕಡಿಮೆ. ಸಾಮಾನ್ಯವಾಗಿ ಬೀಟಾಮೆಥಸೋನ್ 12 ಮಿಲಿಗ್ರಾಂ 24 ಗಂಟೆಗಳ ಅಂತರದಲ್ಲಿ ಎರಡು ಸಲ, ಇಲ್ಲವೇ ಡೆಕ್ಸಾಮೆಥಸೋನ್ 6 ಮಿಲಿಗ್ರಾಂ 12 ಗಂಟೆಗೊಮ್ಮೆ ನಾಲ್ಕು ಸಲ ತಾಯಿಗೆ ಕೊಡುತ್ತಾರೆ. ಮದ್ದು ಮಾಸನ್ನು ದಾಟಿ ಮಗುವಿನ ಶ್ವಾಸಕೋಶವನ್ನು ಬೇಗ ಪಕ್ವಗೊಳಿಸುತ್ತದೆ. ಗಾಳಿಚೀಲಗಳು ಒಂದಕ್ಕೊಂದು ಅಂಟಿ ಕುಸಿಯದಂತೆ ತಡೆಯುವ ಸರ್ಫ್ಯಾಕ್ಟಂಟ್ ಎಂಬ ಜಿಡ್ಡಿನ ಪದರ ಹೆಚ್ಚುತ್ತದೆ.

ನ್ಯೂಜಿಲೆಂಡಿನ ಪ್ರಸೂತಿ ವೈದ್ಯ ಲಿಗಿನ್ಸ್ ಇದನ್ನು ಮೊದಲು ಗುರುತಿಸಿದ್ದು ಕುರಿಗಳಲ್ಲಿ: ಗರ್ಭದಲ್ಲೇ ಸ್ಟೀರಾಯ್ಡ್ ಪಡೆದು, ಉಸಿರಾಡಲು ಸಾಧ್ಯವೇ ಇಲ್ಲದಷ್ಟು ಬೇಗ ಹುಟ್ಟಿದ ಮರಿ ಉಸಿರಾಡಿತ್ತು, ಅದರ ಶ್ವಾಸಕೋಶದಲ್ಲಿ ಗಾಳಿ ತುಂಬಿತ್ತು. 1972ರಲ್ಲಿ ಅವರೂ ಮಕ್ಕಳ ವೈದ್ಯ ಹೋವಿಯೂ ಆಕ್ಲೆಂಡಿನಲ್ಲಿ ತಾಯಂದಿರ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಆ ಮಕ್ಕಳನ್ನು 30ರ ಹರೆಯದಲ್ಲಿ ಪರೀಕ್ಷಿಸಿದಾಗ ಮದ್ದು ಪಡೆದವರಿಗೂ ಪಡೆಯದವರಿಗೂ ಬುದ್ಧಿಶಕ್ತಿ, ರಕ್ತದೊತ್ತಡ, ಕೊಬ್ಬಿನಂಶಗಳಲ್ಲಿ ವ್ಯತ್ಯಾಸವಿರಲಿಲ್ಲ. ಗ್ಲೂಕೋಸ್ ಕುಡಿಸಿದ ಅರ್ಧ ಗಂಟೆಗೆ ಇನ್ಸುಲಿನ್ ಮಾತ್ರ ಮದ್ದು ಪಡೆದವರಲ್ಲಿ ತುಸು ಹೆಚ್ಚಿತ್ತು.

ನನ್ನ ದೃಷ್ಟಿಯಲ್ಲಿ ಎಚ್ಚರ ಬೇಕಾದದ್ದು ಬೇರೆಡೆ. ಸರದಿಗಳನ್ನು ಮತ್ತೆ ಮತ್ತೆ ಕೊಟ್ಟರೆ ಮಗುವಿನ ಜನನತೂಕ ಕಡಿಮೆಯಾಗಬಹುದು. 34 ವಾರ ಕಳೆದ ಮೇಲೆ ಕೊಟ್ಟಾಗ ನವಜಾತ ಶಿಶುವಿನ ರಕ್ತದ ಸಕ್ಕರೆ ಇಳಿಯುವುದು ಹೆಚ್ಚು. ಮದ್ದು ಪಡೆದರೂ ದಿನ ತುಂಬಿಯೇ ಹುಟ್ಟಿದ ಮಕ್ಕಳಲ್ಲಿ ಮಾನಸಿಕ ಹಾಗೂ ವರ್ತನೆಯ ತೊಂದರೆಗಳು ಹೆಚ್ಚೆಂದು 2020ರ ಫಿನ್‌ಲೆಂಡ್ ಅಧ್ಯಯನ ತೋರಿಸಿದೆ. ಆದರೆ ಅದು ದಾಖಲೆಗಳನ್ನಾಧರಿಸಿದ್ದು, ಮದ್ದೇ ಕಾರಣವೆಂದು ಅದರಿಂದ ಸಾಧಿತವಾಗುವುದಿಲ್ಲ.