ಸೆಲ್ಕ್‌ನಾಮ್ ಮತ್ತು ಯಾಘನ್ ಒಂದೇ ಕುಟುಂಬದ ಭಾಷೆಗಳಾ?

ಅಲ್ಲ. ಎರಡೂ ದಕ್ಷಿಣ ಅಮೆರಿಕದ ತುತ್ತತುದಿಯ ಟಿಯೆರಾ ಡೆಲ್ ಫ್ಯೂಗೊ ದ್ವೀಪಗಳಲ್ಲಿ ಅಕ್ಕಪಕ್ಕದಲ್ಲೇ ಇದ್ದವು, ಅದಕ್ಕೇ ಈ ಗೊಂದಲ ಜಾಸ್ತಿ. ಯಾಘನ್‌ಗೆ ನಂಟಿನ ಭಾಷೆ ಯಾವುದೂ ಸಿಕ್ಕಿಲ್ಲ, ಅದು ಒಂಟಿ ಭಾಷೆ.

ಸೆಲ್ಕ್‌ನಾಮ್ ಸೇರುವುದು ಚೋನ್ ಕುಟುಂಬಕ್ಕೆ. ಇದರಲ್ಲಿ ಎರಡು ಕವಲು. ದ್ವೀಪದ ಕವಲಲ್ಲಿ ಸೆಲ್ಕ್‌ನಾಮ್ (ಓನಾ ಅಂತಲೂ ಕರೆಯುತ್ತಾರೆ) ಮತ್ತು ದ್ವೀಪದ ಆಗ್ನೇಯ ಮೂಲೆಯ ಹೌಶ್. ಮೆಗೆಲನ್ ಜಲಸಂಧಿ ದಾಟಿದರೆ ಪ್ಯಾಟಗೋನಿಯಾದ ಕವಲು: ಟೆವೆಲ್ಚೆ, ಅದರ ಉತ್ತರಕ್ಕೆ ಟೆಯುಶೆನ್. ಆ ಟೆಯುಶೆನ್ ಈಗ ಹಳೆಯ ಪದಪಟ್ಟಿಗಳಲ್ಲಷ್ಟೇ ಉಳಿದಿದೆ. ಕುಟುಂಬದ ಹೆಸರೂ ಚೆನ್ನಾಗಿದೆ, ಸೆಲ್ಕ್‌ನಾಮ್‌ನಲ್ಲಿ ‘ಚೋನ್’ ಅಂದರೆ ಮನುಷ್ಯ, ಟೆವೆಲ್ಚೆಯಲ್ಲೂ ಅದೇ ಬೇರಿನ ಪದ ಇದೆ. ಇಂಥ ಮೂಲಪದಗಳು ಮತ್ತೆ ಮತ್ತೆ ಹೊಂದಿಕೊಳ್ಳುವುದರಿಂದಲೇ ಇವನ್ನು ಒಂದೇ ಕುಟುಂಬ ಅಂತ ಗಟ್ಟಿಯಾಗಿ ಹೇಳಬಹುದು, ಸುಮ್ನೆ ಭೂಪಟ ನೋಡಿ ಮಾಡಿದ ಗುಂಪಲ್ಲ.

ಉತ್ತರದ ಗುನೂನಾ ಕುನೆ ಭಾಷೆಯನ್ನು ದೂರದ ನೆಂಟ ಅಂತ ಕೆಲವರು ಸೇರಿಸುತ್ತಾರೆ. ನನಗೆ ಅದನ್ನು ‘ಇರಬಹುದು’ ಅನ್ನುವಲ್ಲೇ ಇಡುವುದು ಸರಿ ಅನಿಸುತ್ತದೆ, ಯಾಕೆಂದರೆ ಅಷ್ಟು ಕಾಲ ಪಕ್ಕದಲ್ಲೇ ಬದುಕಿದವರು ಪದಗಳನ್ನು ಕೊಟ್ಟು ತಗೊಂಡಿರುತ್ತಾರೆ ಅಲ್ವಾ, ಅದನ್ನು ರಕ್ತಸಂಬಂಧದಿಂದ ಬೇರೆ ಮಾಡುವುದು ಕಷ್ಟ.

ಬೇಸರದ ವಿಷಯ ಬೇರೆ ಇದೆ. 19ನೇ ಶತಮಾನದ ಕೊನೆಗೆ ಕುರಿ ಸಾಕಣೆಗೆ ಬಂದವರು ಸೆಲ್ಕ್‌ನಾಮ್ ಜನರನ್ನು ಬೇಟೆಯಾಡಿ ಕೊಂದರು. ಟೆವೆಲ್ಚೆಯನ್ನು ಸರಾಗವಾಗಿ ಆಡುತ್ತಿದ್ದ ಕೊನೆಯವರು ಡೋರಾ ಮಂಚಾಡೊ, 2019ರಲ್ಲಿ ತೀರಿಕೊಂಡರು.