ಮಾಸ್ಟ್ರತ್ರ ಕೇಳಿ: ಹನ್ಯಾದ ಹಳೇ ಬಂದರು

ಹೋದ ತಿಂಗಳು ಇದೇ ಅಂಕಣದಲ್ಲಿ ಗ್ರೀಸ್‌ನ ಕ್ರೀಟ್ ದ್ವೀಪದ ಹನ್ಯಾ ಪೇಟೆಗೆ ನಾವು ಹೋಗಿ ಬಂದದ್ದನ್ನು ನಾಲ್ಕು ಸಾಲು ಬರ್ದಿದ್ದೆ. ಅದಕ್ಕೆ ಕಾಸರಗೋಡಿನ ಈ ತುದಿಯಿಂದ ಆ ತುದಿವರೆಗೆ ಇಷ್ಟು ಜನ ಕೇಳ್ತಾರೆ ಅಂತ ಗೊತ್ತಿರ್ಲಿಲ್ಲ, ತುಂಬ ಖುಷಿ ಆಯ್ತು. ಈ ಸಲ ಪೂರ್ತಿ ಅದಕ್ಕೇ ಇಟ್ಟಿದ್ದೇನೆ.

ಪ್ರಶ್ನೆ: ಮಾಸ್ಟ್ರೇ, ಮಗಳು ಜರ್ಮನಿಯಲ್ಲಿದ್ದಾಳೆ, ನಮ್ಮಿಬ್ಬರನ್ನೂ ಕರೆಸಿಕೊಂಡು ಗ್ರೀಸ್ ತೋರಿಸ್ತೇನೆ ಅಂತ ಹೇಳ್ತಾಳೆ. ಅಡಿಕೆ ತೋಟ ಬಿಟ್ಟು ಹೆಚ್ಚು ದಿನ ಇರ್ಲಿಕ್ಕೆ ಆಗುದಿಲ್ಲ. ಹನ್ಯಾಕ್ಕೆ ಒಂದು ದಿನ ಸಾಕಾ? ಯಾವ ತಿಂಗಳು ಒಳ್ಳೇದು? (ಬದಿಯಡ್ಕದ ಓದುಗರು)

ಉತ್ತರ: ಒಂದು ದಿನ ಸಾಲುದಿಲ್ಲ. ಬೇರೆ ಯಾವುದನ್ನಾದ್ರೂ ಕಡಿಮೆ ಮಾಡಿ, ಹನ್ಯಾದಲ್ಲಿ ಮೂರು ರಾತ್ರಿ ಇರಿ, ಅದೂ ಹಳೇ ಪೇಟೆಯ ಒಳಗೇ ಅಥವಾ ನಡೆದು ಹೋಗುವಷ್ಟು ಹತ್ರ. ಯಾಕಂದ್ರೆ ಬೆಳಿಗ್ಗೆ ಹತ್ತು ಗಂಟೆಯಿಂದ ಟೂರಿಸ್ಟ್ ಬಸ್ಸುಗಳಲ್ಲಿ ಬರುವ ಜನ ಸಂಜೆವರೆಗೆ ದಕ್ಕೆಯ ಉದ್ದಕ್ಕೂ ತುಂಬಿರ್ತಾರೆ, ಆಗ ನಿಮಗೆ ಕಾಣುದು ಹೋಟೆಲಿನ ಕೊಡೆ ಮತ್ತು ಮೊಬೈಲು ಹಿಡಿದ ಕೈಗಳು ಮಾತ್ರ. ಬೆಳಿಗ್ಗೆ ಆರು ಗಂಟೆಗೆ ಎದ್ದು ಹೋಗಿ ನೋಡಿ. ನಾವು ಹೋದ ದಿನ ಒಬ್ಬ ಅಜ್ಜ ದಕ್ಕೆಯ ಕಲ್ಲಿನ ಮೇಲೆ ಕಾಲು ಚಾಚಿ ಕೂತು ಹಳದಿ ಬಲೆಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಎಳೆದು ಹಿಡಿದು ಹರಿದ ಕಣ್ಣುಗಳನ್ನು ಹೆಣೀತಿದ್ರು, ಪಕ್ಕದಲ್ಲಿ ಐದಾರು ಬೆಕ್ಕು ಸಾಲಾಗಿ ಕಾಯ್ತಾ ಇದ್ದವು. ನಮ್ಮ ಕಸಬಾ ಕಡಪ್ಪುರದಲ್ಲಿ ಬಲೆ ಹೆಣೆಯುದು ಕೂಡ ಹೀಗೇ, ಅದೇ ಹೆಬ್ಬೆರಳು. ನಾನೂ ಮನೆಯವಳೂ ಅಲ್ಲಿಂದ ಅರ್ಧ ಗಂಟೆ ಏಳ್ಲೇ ಇಲ್ಲ.

ತಿಂಗಳಿನ ವಿಷಯಕ್ಕೆ ಬಂದ್ರೆ ನಿಮ್ಮ ತೋಟದ ಲೆಕ್ಕಕ್ಕೂ ಅಲ್ಲಿನ ಹವೆಯ ಲೆಕ್ಕಕ್ಕೂ ಸರಿ ಹೊಂದ್ತದೆ. ಎಪ್ರಿಲ್ ಕೊನೆ, ಮೇ ಮೊದಲ ಅರ್ಧ ಬಹಳ ಚೆಂದ, ಅಡಿಕೆ ಕೊಯ್ಲು ಮುಗಿದಿರ್ತದೆ, ಮಳೆ ಹಿಡಿಯುವ ಮೊದಲು ಬೋರ್ಡೋ ದ್ರಾವಣ ಬಿಡ್ಲಿಕ್ಕೆ ವಾಪಸ್ ಬಂದಾಗ್ತದೆ. ಇಲ್ಲದಿದ್ರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ಜುಲೈ ಆಗಸ್ಟ್ ಬೇಡ, ಬಿಸಿಲೂ ಜನವೂ ವಿಪರೀತ. ಸಮಾರಿಯಾ ಅಂತ 16 ಕಿಲೋಮೀಟರಿನ ಒಂದು ಕಣಿವೆ ಉಂಟು, ನಡೆಯುವ ಶಕ್ತಿ ಇರುವವರು ಹೋಗ್ತಾರೆ, ಅದು ತೆರೆದಿರುದು ಸಾಮಾನ್ಯ ಮೇಯಿಂದ ಅಕ್ಟೋಬರ್‌ವರೆಗೆ ಮಾತ್ರ.

ಪ್ರಶ್ನೆ: ಸರ್, ಇಂಟರ್‌ನೆಟ್ಟಲ್ಲಿ ಹುಡುಕಿದ್ರೆ ಒಂದು ಕಡೆ ಚಾನಿಯಾ, ಇನ್ನೊಂದು ಕಡೆ ಕನೇಆ ಅಂತೆಲ್ಲ ಬರ್ತದೆ. ಇದೆಲ್ಲ ಒಂದೇ ಊರಾ? (ಉಪ್ಪಳದ ಕಾಲೇಜು ವಿದ್ಯಾರ್ಥಿನಿ)

ಉತ್ತರ: ಒಂದೇ ಊರು ಮಗಳೇ. ಚಾನಿಯಾ ಅಂತ ಇಂಗ್ಲಿಷ್ ಅಕ್ಷರ ನೋಡಿ ಓದುದು, ಊರವರು ಹೇಳುದು ಹನ್ಯಾ, ಕೊನೆಯ 'ಯಾ' ಮೇಲೆ ಒತ್ತು ಕೊಟ್ಟು. ಪ್ರಾಚೀನ ಕಾಲದಲ್ಲಿ ಅದು ಕಿದೋನಿಯಾ, ವೆನಿಸ್‌ನವರು ಬಂದಾಗ ಲಾ ಕನೇಆ, ತುರ್ಕರ ಬಾಯಲ್ಲಿ ಹಾನ್ಯ. ಆಳುವವರು ಬದಲಾದ ಹಾಗೆ ಬೋರ್ಡು ಬದಲಾಯ್ತು. ಮಂಜೇಶ್ವರಕ್ಕೆ ಮಂಜೇಶ್ವರಂ ಅಂತ ಬೋರ್ಡು ಬಿದ್ದಾಗ ನಮಗೆಲ್ಲ ಎದೆಯಲ್ಲಿ ಏನಾಗ್ತದೆ ಅಂತ ನಿಮಗೆ ಬೇರೆ ಹೇಳ್ಬೇಕಾಗಿಲ್ಲ, ಹಾಗಾಗಿ ದಯವಿಟ್ಟು ಆ ಊರವರ ಹೆಸರನ್ನು ಅವರು ಹೇಳುವ ಹಾಗೇ ಹೇಳಿ, ಬಸ್‌ಸ್ಟ್ಯಾಂಡಲ್ಲಿ ಟಿಕೆಟ್ ಕೊಡುವ ಹೆಂಗಸು ಕೂಡ ಅದನ್ನು ಕೇಳಿ ಮುಖ ಅರಳಿಸಿ ಮಾತಾಡ್ತಾರೆ.

ಪ್ರಶ್ನೆ: ಬಂದರಿನ ಬದಿಯಲ್ಲೇ ಮಸೀದಿ ಇದೆ ಅಂತ ನೀವು ಬರೆದಿದ್ರಿ. ಗ್ರೀಸ್‌ನ ದ್ವೀಪದಲ್ಲಿ ಅದು ಹೇಗೆ ಬಂತು, ಈಗ ನಮಾಜು ಉಂಟಾ? ಸ್ವಲ್ಪ ವಿವರವಾಗಿ ಬರೆಯಿರಿ ಮಾಸ್ಟ್ರೇ. (ತಳಂಗರೆಯ ಓದುಗರು)

ಉತ್ತರ: ಇದನ್ನು ಕೇಳಿದ್ದಕ್ಕೆ ನಿಮಗೆ ದೊಡ್ಡ ನಮಸ್ಕಾರ, ಆ ಊರಿಗೆ ಹೋಗುವವರು ತಿಳ್ಕೊಂಡೇ ಹೋಗ್ಬೇಕಾದ ವಿಷಯ ಇದು.

ಕ್ರೀಟ್ ದ್ವೀಪ 1204ರ ನಂತರ ವೆನಿಸ್‌ನವರ ಕೈಗೆ ಬಂತು. ಈಗ ನಾವು ನೋಡುವ ಬಂದರಿನ ಆಕಾರ, ಕೋಟೆ ಗೋಡೆ, ಹಡಗು ರಿಪೇರಿ ಮಾಡುವ ಉದ್ದುದ್ದ ಕಲ್ಲಿನ ಶೆಡ್ಡುಗಳು ಎಲ್ಲ ಅವರದ್ದು. ಆ ಶೆಡ್ಡು ಒಂದು ಕಾಲಕ್ಕೆ 17 ಇದ್ದವು, ಈಗ ಒಂದೇ ಸಾಲಿನಲ್ಲಿ ಕಮಾನಿಗೆ ಕಮಾನು ತಾಗಿ ನಿಂತದ್ದು 7. ಚಳಿಗಾಲದಲ್ಲಿ ಜನ ಹುಟ್ಟು ಹಾಕಿ ನಡೆಸುವ ಯುದ್ಧದ ಹಡಗುಗಳನ್ನು ಒಳಗೆ ಎಳೆದು ಇಡ್ತಿದ್ರಂತೆ. 1645ರಲ್ಲಿ ತುರ್ಕರು ಎರಡು ತಿಂಗಳು ಮುತ್ತಿಗೆ ಹಾಕಿ ಊರನ್ನು ತೆಗೊಂಡ್ರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಇಲ್ಲಿ ಕೆಳದಿಯ ಶಿವಪ್ಪ ನಾಯಕ ಬೇಕಲದ ಕೋಟೆ ಕಟ್ಟಿಸ್ತಿದ್ದ, ಎರಡೂ ಒಟ್ಟಿಗೆ ನೆನಪಿಟ್ಟುಕೊಳ್ಳಿ, ಕಾಲದ ಅಂದಾಜು ಸಿಕ್ತದೆ. ಬಂದರಿನ ಬದಿಯ ಆ ಗುಂಡು ಗುಮ್ಮಟದ ಮಸೀದಿ ತುರ್ಕರು ಬಂದ ಮೇಲೆ ಕಟ್ಟಿದ್ದು, ಈಗ ಅದರಲ್ಲಿ ನಮಾಜಿಲ್ಲ, ಮಿನಾರೂ ಇಲ್ಲ, ಎಕ್ಸಿಬಿಶನ್ ನಡೀತದೆ.

ಆದ್ರೆ ನೀವು ಖಂಡಿತ ನೋಡ್ಬೇಕಾದ್ದು ಸ್ವಲ್ಪ ಒಳಗೆ ಸ್ಪ್ಲಾಂಟ್ಸಿಯಾ ಅನ್ನುವ ಚೌಕದಲ್ಲಿರುವ ಸಂತ ನಿಕೋಲಾಸರ ಇಗರ್ಜಿ. ಒಂದು ಕಡೆ ಗಂಟೆ ಗೋಪುರ, ಇನ್ನೊಂದು ಕಡೆ ಮಿನಾರು, ಒಂದೇ ಕಟ್ಟಡಕ್ಕೆ! ಮೊದಲು ಕೆಥೊಲಿಕ್ ಸನ್ಯಾಸಿಗಳ ಮಠದ್ದು, ಆಮೇಲೆ ಮಸೀದಿ, 1918ರಿಂದ ಆರ್ಥೊಡಾಕ್ಸ್ ಇಗರ್ಜಿ. ಎದುರು ದೊಡ್ಡ ಮರ, ಮರದ ಕೆಳಗೆ ಕಾಫಿ ಕುಡಿಯುವ ಮುದುಕರು. ಮಿನಾರನ್ನು ಯಾರೂ ಕೆಡವದೆ ಬಿಟ್ಟಿದ್ದಾರೆ ಅನ್ನುದೇ ನನಗೆ ದೊಡ್ಡ ವಿಷಯ ಅಂತ ಕಂಡಿತು.

ಇನ್ನು ಆ ನಮಾಜು ಮಾಡ್ತಿದ್ದವರು ಎಲ್ಲಿಗೆ ಹೋದ್ರು ಅಂತ ಕೇಳಿದ್ರೆ ನಿಜಕ್ಕೂ ಕರುಳು ಚುರುಕ್ ಅಂತದೆ. 1913 ಡಿಸೆಂಬರ್ 1ಕ್ಕೆ ಬಂದರಿನ ಫಿರ್ಕಾಸ್ ಕೋಟೆಯಲ್ಲಿ ಗ್ರೀಸ್‌ನ ಬಾವುಟ ಏರಿತು, ಕ್ರೀಟ್ ಗ್ರೀಸ್‌ಗೆ ಸೇರಿತು. 1923ರಲ್ಲಿ ಗ್ರೀಸ್ ಮತ್ತು ತುರ್ಕಿ ಕೂತು ಜನರನ್ನು ಅದಲುಬದಲು ಮಾಡುವ ಒಪ್ಪಂದ ಮಾಡಿಕೊಂಡವು, ಕೆಲವು ಕಡೆಯವರನ್ನು ಬಿಟ್ಟು ಮುಸ್ಲಿಮರೆಲ್ಲ ತುರ್ಕಿಗೆ, ಆರ್ಥೊಡಾಕ್ಸರೆಲ್ಲ ಗ್ರೀಸ್‌ಗೆ. ಕ್ರೀಟ್‌ನ ಮುಸ್ಲಿಮರಲ್ಲಿ ಹೆಚ್ಚಿನವರ ಮನೆಮಾತು ಗ್ರೀಕ್! ತುರ್ಕಿ ಭಾಷೆ ಸರಿಯಾಗಿ ಬಾರದವರು ಹಡಗು ಹತ್ತಿ ತುರ್ಕಿಯ ಕರಾವಳಿಗೆ ಹೋಗಿ ಇಳಿದ್ರು, ಅಲ್ಲಿ ಅವರ ಮೊಮ್ಮಕ್ಕಳ ಕೆಲವು ಮನೆಗಳಲ್ಲಿ ಕ್ರೀಟ್‌ನ ಗ್ರೀಕ್ ಮಾತು ಇತ್ತೀಚಿನವರೆಗೂ ಉಳಿದಿತ್ತು. ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ, ಉರ್ದು ಎಲ್ಲ ಒಂದೇ ಬಸ್ಸಿನಲ್ಲಿ ಕೇಳುವ ನಾವು, 1956 ನವೆಂಬರ್ 1ಕ್ಕೆ ರಾಜ್ಯದ ಗೆರೆ ಆಚೆ ಬಿದ್ದು ಕನ್ನಡ ಶಾಲೆಗಾಗಿ ಇವತ್ತಿಗೂ ಅರ್ಜಿ ಹಿಡ್ಕೊಂಡು ತಿರುಗುವ ನಾವು, ಆದ್ರೂ ಮನೆ ಮಠ ಬಿಟ್ಟು ಹೋಗ್ಬೇಕಾಗಿ ಬರ್ಲಿಲ್ಲ. ಆ ಮರದ ಕೆಳಗೆ ಕೂತಾಗ ನನಗೆ ಅದೇ ತಲೆಯಲ್ಲಿ ಸುತ್ತುತ್ತಾ ಇತ್ತು.

ಇನ್ನೊಂದು, ಯಹೂದಿಗಳ ಎಟ್ಸ್ ಹಯ್ಯೀಮ್ ಪ್ರಾರ್ಥನಾ ಮಂದಿರ ಗಲ್ಲಿಯೊಳಗೆ ಉಂಟು. 1944ರಲ್ಲಿ ಜರ್ಮನರು ಊರಿನ ಯಹೂದಿಗಳನ್ನೆಲ್ಲ ಹಿಡಿದು ತನಾಯಿಸ್ ಅನ್ನುವ ಹಡಗಿನಲ್ಲಿ ತುಂಬಿದ್ರು, ಬ್ರಿಟಿಷ್ ಸಬ್‌ಮೆರೀನ್ ಅದು ಶತ್ರುವಿನ ಹಡಗು ಅಂತ ಜೂನ್ 9ಕ್ಕೆ ಹೊಡೆದು ಮುಳುಗಿಸಿತು. ಮಂದಿರ ಪಾಳು ಬಿದ್ದದ್ದನ್ನು ರಿಪೇರಿ ಮಾಡಿ 1999ರಲ್ಲಿ ಪುನಃ ತೆರೆದ್ರು. ಒಳಗೆ ಹೋಗಿ ಐದು ನಿಮಿಷ ಸುಮ್ಮನೆ ಕೂತು ಬನ್ನಿ.

ಪ್ರಶ್ನೆ: ಹೋಗುದು ಹೇಗೆ, ವೀಸಾ ಎಂತ? (ಕುಂಬಳೆ, ಮುಳ್ಳೇರಿಯಾ, ಹೊಸಂಗಡಿಯಿಂದ ಹಲವರು)

ಉತ್ತರ: ಮಂಗಳೂರು ಅಥವಾ ಕಣ್ಣೂರಿನಿಂದ ಗಲ್ಫಿಗೆ, ಅಲ್ಲಿಂದ ಅಥೆನ್ಸ್. ಅಥೆನ್ಸಿನಿಂದ ಹನ್ಯಾಕ್ಕೆ ವಿಮಾನದಲ್ಲಿ ಒಂದು ಗಂಟೆಯೂ ಬೇಡ, ಆದ್ರೆ ನಾನು ಹೇಳುದು ಅಥೆನ್ಸಿನ ಹತ್ರದ ಪಿರೇಅಸ್ ಬಂದರಿನಿಂದ ರಾತ್ರಿ ಹಡಗಿನಲ್ಲಿ ಹೋಗಿ, ಮಲಗಿ ಎದ್ದಾಗ ಬೆಳಿಗ್ಗೆ ಹನ್ಯಾದ ಹತ್ರದ ಸೂದಾ ಬಂದರಿನಲ್ಲಿ ಇಳಿಸ್ತದೆ, ಅಲ್ಲಿಂದ ಪೇಟೆಗೆ ಬಸ್ಸುಂಟು. ದೊಡ್ಡ ಹಡಗು ಹಳೇ ಬಂದರಿಗೆ ಬರುದಿಲ್ಲ. ಅದು ಉತ್ತರಕ್ಕೆ ಬಾಯಿ ತೆರೆದ ಬಂದರು, ಗಾಳಿ ಬಂದ್ರೆ ತೆರೆ ಸೀದಾ ಒಳಗೆ ನುಗ್ತದೆ, ಆಳವೂ ಕಡಿಮೆ. ಹಡಗು ಆಚೆ ಸೂದಾಕ್ಕೆ ಹೋದದ್ದರಿಂದಲೇ ಈಚೆ ಹಳತು ಹಳತಾಗಿಯೇ ಉಳೀತು ಅಂತ ನನ್ನ ಅಭಿಪ್ರಾಯ. ಕುಂಬಳೆಯವರಿಗೆ ಇದು ಬೇಗ ಅರ್ಥ ಆದೀತು, ಒಂದು ಕಾಲಕ್ಕೆ ಮಾಲ್ಡೀವ್ಸ್‌ಗೆ ಅಕ್ಕಿ ಕಳಿಸಿ ನಾರು ತರಿಸ್ತಿದ್ದ ಬಂದರಲ್ವಾ ನಿಮ್ಮದು.

ವೀಸಾ ಶೆಂಗನ್, ಅಂದ್ರೆ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ. ದೊಡ್ಡವರಿಗೆ ಫೀಸು 90 ಯೂರೋ, ಸರ್ವಿಸ್ ಚಾರ್ಜು ಬೇರೆ, 30,000 ಯೂರೋದ ಮೆಡಿಕಲ್ ಇನ್ಶೂರೆನ್ಸ್ ಬೇಕೇ ಬೇಕು. ಬದಿಯಡ್ಕದವರು ಗಮನಿಸಿ, ಮಗಳ ಮನೆಯಲ್ಲಿ ಹೆಚ್ಚು ದಿನ ಇರುದಾದ್ರೆ ಅರ್ಜಿ ಹಾಕ್ಬೇಕಾದ್ದು ಜರ್ಮನಿಗೆ, ಅದೇ ವೀಸಾದಲ್ಲಿ ಗ್ರೀಸ್‌ಗೂ ಹೋಗ್ಬಹುದು. ಆರು ತಿಂಗಳು ಮೊದಲೇ ಅರ್ಜಿ ಹಾಕ್ಲಿಕ್ಕೆ ಬಿಡ್ತಾರೆ, ಕೊನೇ ಗಳಿಗೆಗೆ ಇಡ್ಬೇಡಿ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಅವಲಕ್ಕಿ ಉಪ್ಪಿನಕಾಯಿ ಕಟ್ಕೊಂಡೇ ಹೋಗ್ಬೇಕಾ? (ನೀರ್ಚಾಲಿನ ಗೃಹಿಣಿ)

ಉತ್ತರ: ಅವಲಕ್ಕಿ ತೆಗೊಳ್ಳಿ ಅಕ್ಕ, ಹಡಗಿನಲ್ಲಿ ಬೇಕಾಗ್ತದೆ. ಆದ್ರೆ ಕ್ರೀಟ್‌ನಲ್ಲಿ ಉಪವಾಸ ಬೀಳುವ ಭಯ ಬೇಡ. ದಾಕೋಸ್ ಅಂತ ಉಂಟು, ಬಾರ್ಲಿಯ ಗಟ್ಟಿ ರಸ್ಕನ್ನು ಸ್ವಲ್ಪ ನೀರಲ್ಲಿ ನೆನೆಸಿ ಅದರ ಮೇಲೆ ತುರಿದ ಟೊಮೆಟೋ, ಬಿಳಿ ಚೀಸು, ಆಲಿವ್ ಎಣ್ಣೆ ಧಾರಾಳ. ಹೋರ್ತಾ ಅಂದ್ರೆ ಗುಡ್ಡೆಯಲ್ಲಿ ತಾನೇ ಬೆಳೆದ ಸೊಪ್ಪು ಬೇಯಿಸಿ ಲಿಂಬೆ ಹಿಂಡಿದ್ದು, ಮಳೆಗಾಲದಲ್ಲಿ ನಾವು ಚಗತೆ ಸೊಪ್ಪು ಕೊಯ್ದು ತರುವ ಹಾಗೆ ಅಲ್ಲಿನ ಅಜ್ಜಿಯಂದಿರೂ ಕತ್ತಿ ಹಿಡ್ಕೊಂಡು ಹೋಗ್ತಾರೆ. 'ಹೋರಿಸ್ ಕ್ರೇಆಸ್' ಅಂದ್ರೆ ಮಾಂಸ ಇಲ್ಲದ್ದು ಅಂತ, ಬಾಯಿಪಾಠ ಮಾಡಿ. 'ನಿಸ್ತಿಸಿಮೋ' ಅಂದ್ರೆ ಅವರ ವ್ರತದ ಊಟ, ಮಾಂಸ ಮೊಟ್ಟೆ ಹಾಲು ಇಲ್ಲ, ಆದ್ರೆ ಜಾಗ್ರತೆ, ವ್ರತಕ್ಕೆ ಸಿಗಡಿ, ಬೊಂಡಾಸು ಅವರಿಗೆ ಆಗ್ತದೆ! ಅದನ್ನು ಬಿಡಿಸಿ ಕೇಳಿ.

ಪ್ರಶ್ನೆ: ಅಮ್ಮನಿಗೆ 72, ಮೊಣಕಾಲು ನೋವು. ಕರ್ಕೊಂಡು ಹೋಗ್ಬಹುದಾ? ಲೈಟ್‌ಹೌಸಿನವರೆಗೆ ಅವರಿಗೆ ನಡೀಲಿಕ್ಕಾದೀತಾ? (ಮಂಜೇಶ್ವರದ ಓದುಗರು)

ಉತ್ತರ: ಖಂಡಿತ ಕರ್ಕೊಂಡು ಹೋಗಿ, ಆದ್ರೆ ನಮಗಾದ ಹಾಗೆ ಆಗ್ಬಾರ್ದು. ನಮ್ಮ ಜೊತೆ ಅಕ್ಕ ಬಂದಿದ್ರು, ಅವರಿಗೂ ಮೊಣಕಾಲೇ. ಆನ್‌ಲೈನಲ್ಲಿ ಫೋಟೋ ನೋಡಿ ಹಳೇ ವೆನಿಸ್ ಕಾಲದ ಮನೆ ಬುಕ್ ಮಾಡಿದ್ದೆ, ಹೋಗಿ ನೋಡಿದ್ರೆ ಮೂರನೇ ಮಾಳಿಗೆ, ಲಿಫ್ಟಿಲ್ಲ, ಉಪ್ಪರಿಗೆಯ ಏಣಿ ಹಾಗೆ ಕಡಿದಾದ ಮರದ ಮೆಟ್ಲು. ಮೆಟ್ಲಿನ ವಿಷಯ ಅವರು ಎಲ್ಲಿಯೂ ಬರೆದಿರ್ಲಿಲ್ಲ, ದುಡ್ಡೂ ವಾಪಸ್ ಕೊಡ್ಲಿಲ್ಲ. ಅಕ್ಕ ಒಂದೊಂದೇ ಮೆಟ್ಲು ಕೂತು ಕೂತು ಇಳಿದದ್ದು ನೆನಪಾದ್ರೆ ಈಗಲೂ ಸಂಕಟ ಆಗ್ತದೆ. ಹಳೇ ಪೇಟೆಯ ಮನೆಗಳೇ ಹಾಗೆ, ಕಾರು ಬಾಗಿಲವರೆಗೆ ಬರುದಿಲ್ಲ, ಸೂಟ್‌ಕೇಸಿನ ಚಕ್ರ ಕಲ್ಲು ಹಾಸಿನಲ್ಲಿ ಓಡುದಿಲ್ಲ. ಬುಕ್ ಮಾಡುವ ಮೊದಲು ಎಷ್ಟು ಮೆಟ್ಲು ಅಂತ ಬರೆದು ಕೇಳಿ, ಬರೆದೇ ಉತ್ತರ ತೆಗೊಳ್ಳಿ.

ಲೈಟ್‌ಹೌಸು ಫಿರ್ಕಾಸ್ ಕೋಟೆಯ ಎದುರಿಗೇ ಕೈಗೆ ಸಿಗುವ ಹಾಗೆ ಕಾಣ್ತದೆ, ಆದ್ರೆ ನಡುವೆ ಬಂದರಿನ ಬಾಯಿ, ಹೋಗ್ಬೇಕಾದ್ರೆ ಇಡೀ ಬಂದರು ಸುತ್ತಿ ಪೂರ್ವ ಬದಿಯಿಂದ ತಡೆಗೋಡೆಯ ಮೇಲೆ ಹತ್ತಿ ಬರ್ಬೇಕು, ನೆರಳು ಒಂದು ತುಂಡೂ ಇಲ್ಲ, ಕಲ್ಲು ಏರುತಗ್ಗು. ಅಮ್ಮನಿಗೆ ಅದು ಬೇಡ. ನೀವು ಬೆಳಿಗ್ಗೆ ಬೇಗ ಹೋಗಿ ಬನ್ನಿ. ಹತ್ರ ಹೋದ್ರೆ ಕಲ್ಲಿನ ಕೆಲಸ ನೋಡಿ, ಅಡಿಯಲ್ಲಿ ಎಂಟು ಮೂಲೆ, ನಡುವೆ ಹದಿನಾರು ಮೂಲೆ, ಮೇಲೆ ಹೋದ ಹಾಗೆ ಗುಂಡು. ಬುಡ ವೆನಿಸ್‌ನವರದ್ದು, ಈಗಿನ ಆಕಾರ ಕ್ರೀಟ್ ಈಜಿಪ್ಟಿನವರ ಕೈಯಲ್ಲಿದ್ದ 1830ರ ದಶಕದ್ದು. ಅಮ್ಮನನ್ನು ಫಿರ್ಕಾಸ್ ಬದಿಯ ದಕ್ಕೆಯಲ್ಲಿ ಒಂದು ಕುರ್ಚಿಯಲ್ಲಿ ಕೂರಿಸಿ, ನೀವು ಆ ತುದಿಗೆ ತಲುಪಿದಾಗ ಕೈ ಬೀಸಿ. ನಾವು ಬೀಸಿದಾಗ ಅಕ್ಕ ಈಚೆಯಿಂದ ಶಾಲು ತೆಗೆದು ಬೀಸಿದ್ರು, ಅಷ್ಟು ಚೆನ್ನಾಗಿ ಕಾಣ್ತದೆ.