ಮೀಯಿಸುವವರನ್ನು ಕೇಳಿ

ಓದುಗರ ಪತ್ರ: ವಿಯೆಟ್ನಾಮಿನ ಸಾಮ್ ಬೆಟ್ಟದ ‘ಬಾ ಚುವಾ ಸು’ ಅಮ್ಮನ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಆ ವಿಗ್ರಹ ಅಸಲಿಗೆ ನಮ್ಮ ವಿಷ್ಣುವಿನದು. ಬಣ್ಣ ಬಳಿದು, ಹೆಣ್ಣುಡುಗೆ ತೊಡಿಸಿ ಗ್ರಾಮದೇವತೆ ಮಾಡಿಕೊಂಡಿದ್ದಾರೆ. ‘ದೇವಿ’ ಎಂದದ್ದನ್ನು ತಿದ್ದಬೇಡವೇ? – ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ: ಇಷ್ಟು ಕೆದಕಿ ಓದುವವರು ನಮಗಿದ್ದಾರೆಂಬುದೇ ಸಂತೋಷ. ನೀವು ಹೇಳಿದ್ದರಲ್ಲಿ ಹುರುಳಿದೆ. ಫ್ರೆಂಚ್ ಪುರಾತತ್ವಜ್ಞ ಮಾಲೆರೆ 1941ರಲ್ಲಿ ಈ ವಿಗ್ರಹ ನೋಡಿ, ಇದು ವಿಷ್ಣುವಿನ ಬಗೆಯ ಗಂಡು ಶಿಲ್ಪ, ಆರನೇ ಶತಮಾನದ ಕೊನೆಯದು, ಮೆಕಾಂಗ್ ನದಿಬಯಲಿನ ಪ್ರಾಚೀನ ಓಕ್ ಎಓ ಸಂಸ್ಕೃತಿಗೆ ಸೇರಿದ್ದಿರಬಹುದು ಎಂದಿದ್ದರು. ತಲೆ ಬೇರೆ ಕಲ್ಲಿನದೆಂಬ ವಾದವೂ ಇದೆ. ಎಲ್ಲ ಒಪ್ಪಿದೆ. ತಿದ್ದುವುದು ಮಾತ್ರ ಇಲ್ಲ.

ಸಾಮ್ ಬೆಟ್ಟವಿರುವ, ಚಾವ್ ಡೊಕ್ ಬಳಿಯ ಆ ಗಡಿಸೀಮೆಗೆ ವಿಯೆಟ್ ಜನ ಬಂದು ನೆಲೆಸಿದ ಕಾಲ ನೆನಪಿಸಿಕೊಳ್ಳಿ. 1819ರಿಂದ 1824ರವರೆಗೆ ಥೊವಾಯ್ ನೊಕ್ ಹಾವ್ ಎಂಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಕಾಂಬೋಡಿಯಾ ಗಡಿಗುಂಟ ವಿನ್ ಟೆ ಕಾಲುವೆ ತೋಡಿದರು. ಕಾಡು, ಜ್ವರ, ನೆರೆ, ಮೇಲಿಂದ ಸಯಾಮಿನ (ಇಂದಿನ ಥಾಯ್ಲೆಂಡಿನ) ದಾಳಿಯ ಭಯ. ತೋಡಲು ಹೋದವರಲ್ಲಿ ಎಷ್ಟೋ ಜನ ಮರಳಲಿಲ್ಲ. ಅಂಥವರಿಗೆ ಬೇಕಾದದ್ದು ಕಾಯುವ ತಾಯಿ. ಬೆಟ್ಟದ ನೆತ್ತಿಯಲ್ಲಿದ್ದ ವಿಗ್ರಹವನ್ನು ಗಟ್ಟಿಮುಟ್ಟಾದ ಗಂಡಸರಿಗೂ ಅಲುಗಿಸಲಾಗಲಿಲ್ಲವಂತೆ. ಮೈಮೇಲೆ ಬಂದ ಅಮ್ಮ ಹೇಳಿದಂತೆ ಒಂಬತ್ತು ಕನ್ನೆಯರು ಹೊತ್ತರು, ಬುಡಕ್ಕೆ ಬಂದಾಗ ಮತ್ತೆ ಭಾರವಾಯಿತು, ಅಲ್ಲೇ ಗುಡಿ ಕಟ್ಟಿದರು. ನೆತ್ತಿಯಲ್ಲಿ ನಡುವೆ ಚೌಕದ ತೂತಿರುವ ಕಲ್ಲಿನ ಪೀಠ ಈಗಲೂ ಇದೆ. ಬಿದಿರು-ಗರಿಗಳ ಆ ಗುಡಿಯನ್ನು 1870ರಲ್ಲಿ ಇಟ್ಟಿಗೆಯಲ್ಲಿ ಕಟ್ಟಿದರು. ಮೂರು ಹಂತದ ಹಸಿರು ಹೆಂಚಿನ ಚಾವಣಿಯ ಈಗಿನ ಕಟ್ಟಡ 1972ರಲ್ಲಿ ಶುರುವಾಗಿ 1976ಕ್ಕೆ ಮುಗಿದದ್ದು.

ಇನ್ನು ನಿಮ್ಮ ‘ಹೆಣ್ಣುಡುಗೆ’. ಉಡಿಸುವ ಕ್ರಮ ಗೊತ್ತಿದ್ದರೆ ಅಷ್ಟು ಹಗುರವಾಗಿ ಬರೆಯುತ್ತಿರಲಿಲ್ಲ. ಅವರ ಚಾಂದ್ರ ಪಂಚಾಂಗದ ನಾಲ್ಕನೇ ತಿಂಗಳ 23ರ ನಡುರಾತ್ರಿ ಪರದೆ ಎಳೆಯುತ್ತಾರೆ. ದೀಪ, ಧೂಪ, ಚಹಾ ಅರ್ಪಿಸಿದ ಮೇಲೆ ಒಳಗುಳಿಯುವವರು ಹೆಂಗಸರು ಮಾತ್ರ. ಕಿರೀಟ ತೆಗೆದು, ಪದರ ಪದರವಾಗಿ ಬಟ್ಟೆ ಬಿಚ್ಚಿ, ಹೂವಿನ ಪರಿಮಳದ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಮೈ ಒರೆಸುತ್ತಾರೆ. ಕೊಡ ಎತ್ತಿ ಸುರಿಯುವ ಅಭಿಷೇಕವಲ್ಲ, ಬಾಣಂತಿಯ ಮೈ ಒರೆಸುವಂಥ ಕೆಲಸ. ಅತ್ತರು ಚಿಮುಕಿಸಿ, ಭಕ್ತರು ತಂದ ಹೊಸ ಉಡುಪು ತೊಡಿಸುವಷ್ಟರಲ್ಲಿ ಗಂಟೆಯಾಗುತ್ತದೆ. ಹಳೆಯ ಉಡುಪನ್ನು ಚೂರು ಚೂರು ಕತ್ತರಿಸಿ ರಕ್ಷೆಯಾಗಿ ಹಂಚುತ್ತಾರೆ. ವಿಷ್ಣುವೋ ಅಲ್ಲವೋ ಎಂಬ ಪ್ರಶ್ನೆ ಆ ಪರದೆಯೊಳಗೆ ಎಲ್ಲಿ ಬರುತ್ತದೆ, ಹೇಳಿ?

25ರ ನಡುರಾತ್ರಿಯ ‘ತುಕ್ ಯೆಟ್’ ಪೂಜೆಗೆ ಇಡುವುದು ಕೂದಲು ಹೆರೆದ, ಬೇಯಿಸದ ಬಿಳಿ ಹಂದಿ. ತುಸು ರೋಮ ಹಾಕಿದ ರಕ್ತದ ತಟ್ಟೆ. ಅಂಟಕ್ಕಿ ಅನ್ನ, ಹಣ್ಣು, ವೀಳ್ಯ, ಅಕ್ಕಿ-ಉಪ್ಪು. ಇದು ಯಾವ ವೈಷ್ಣವ ಆಗಮದಲ್ಲಿದೆ? ಆಮೇಲೆ ಹಿರಿಯನೊಬ್ಬ ನೀರು ಚಿಮುಕಿಸುತ್ತ ಮುಗಿಲು ತಿಳಿಯಾಗಲಿ, ನೆಲ ಫಲಿಸಲಿ, ಜನ ಬಾಳಲಿ, ದೆವ್ವ ಅಳಿಯಲಿ ಎಂದು ಹರಸಿ ನಗಾರಿ ಬಾರಿಸಿದರೆ ‘ಹಾತ್ ಬೊಯ್’ ಎಂಬ ಅಲ್ಲಿನ ಸಾಂಪ್ರದಾಯಿಕ ಗೀತನಾಟಕದ ಆಟ ಶುರು.

ಬೇಸರ ಪಡುವುದಾದರೆ ಬೇರೆ ಕಾರಣಗಳಿವೆ. ಹುರಿದ ಇಡೀ ಹಂದಿ ಅಲ್ಲಿ ಬಾಡಿಗೆಗೆ ಸಿಗುತ್ತದೆ, ಒಬ್ಬರ ಹರಕೆ ಮುಗಿಸಿ ಇನ್ನೊಬ್ಬರ ತಲೆಯೇರುತ್ತದೆ. ಕೈಗೆ ಊದುಬತ್ತಿ ತುರುಕಿ ಆಮೇಲೆ ದುಡ್ಡು ಕೇಳುವವರಿದ್ದಾರೆ. ಅದಕ್ಕೆ ಯಾರೂ ನಮಗೆ ಪತ್ರ ಬರೆಯುವುದಿಲ್ಲ. ಹೊರದೇಶದಲ್ಲಿ ಒಂದು ಹಳೆ ಕಲ್ಲು ಕಂಡರೆ ಸಾಕು, ‘ನಮ್ಮದು’ ಎಂದು ಚೀಟಿ ಅಂಟಿಸುವ ಚಟ ನಮಗೆ. ಊರ ಮಾರಮ್ಮನಿಗೂ ಪುರಾಣ ಹೊಲಿದು, ಕೋಳಿ ಕುಯ್ಯುವವರನ್ನು ಹಿತ್ತಿಲಿಗೆ ಕಳಿಸಿದವರು ಇದೇ ಚೀಟಿಯವರೇ ಅಲ್ಲವೇ? ಯುನೆಸ್ಕೊ 2024ರ ಡಿಸೆಂಬರಿನಲ್ಲಿ ತನ್ನ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡದ್ದು ಈ ಅಮ್ಮನ ಜಾತ್ರೆಯನ್ನು, ಶಿಲ್ಪವನ್ನಲ್ಲ.

ಒಂದು ಸೇರ್ಪಡೆ ಮಾತ್ರ ಮಾಡುತ್ತೇವೆ. ಮುಂದಿನ ಸಂಚಿಕೆಯಲ್ಲಿ ಚಿತ್ರದ ಕೆಳಗೆ ಮಾಲೆರೆಯ ಅಭಿಪ್ರಾಯ ಒಂದು ಸಾಲಿನಲ್ಲಿ ಬರುತ್ತದೆ. ಅದರ ಮೇಲೆ ದಪ್ಪಕ್ಷರದಲ್ಲಿ ‘ದೇವಿ’ ಎಂದೇ ಇರುತ್ತದೆ.